ಹಿಮದಲ್ಲಿ ಹಾರುವವರು ಮತ್ತು ಕ್ಯಾಮೆರಾ ಹಿಡಿಯುವವರು



ಹಾಳೆಯಲ್ಲಿ ಕೂತು ಗುಡ್ಡೆಯಿಂದ ಜಾರದವರು ನಮ್ಮ ಶಾಲೆಯಲ್ಲಿ ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಬೇಸಿಗೆಯಲ್ಲಿ ಮುಳಿಹುಲ್ಲು ಒಣಗಿದ ಮೇಲೆ ಅಡಿಕೆ ಹಾಳೆ ಅದರ ಮೇಲೆ ಹೇಗೆ ಓಡ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಆದ್ದರಿಂದ ನಾನು ಈ ಸಲ ಬರೆಯುವ ವಿಷಯ ದೂರದ್ದಾದರೂ ನಿಮಗೆ ಅರ್ಥ ಆಗ್ತದೆ. ಹಿಮದ ಪರ್ವತದಿಂದ ಜಾರುತ್ತಾ, ಬಂಡೆಗಳ ಮೇಲಿಂದ ಹಾರುತ್ತಾ, ಅದನ್ನು ಸಿನಿಮಾ ಮಾಡಿಸಿಕೊಂಡು ಅದರಿಂದಲೇ ಜೀವನ ನಡೆಸುವವರು ಇದ್ದಾರೆ. ಅವರನ್ನು ಫ್ರೀಸ್ಕೀಯರ್ ಎಂದು ಕರೆಯುತ್ತಾರೆ. ಸ್ಪರ್ಧೆಯ ಸ್ಕೀಯಿಂಗ್‌ನಲ್ಲಿ ಧ್ವಜ ನೆಟ್ಟ ದಾರಿಯಲ್ಲೇ ಹೋಗಬೇಕು, ಗಡಿಯಾರ ನೋಡುತ್ತಾರೆ. ಫ್ರೀಸ್ಕೀಯರ್‌ಗೆ ದಾರಿ ಇಲ್ಲ. ಎಲ್ಲಿ ತಿರುಗಬೇಕು, ಎಲ್ಲಿ ಹಾರಬೇಕು ಎಂಬುದನ್ನು ಅವರೇ ಆರಿಸಬೇಕು.

ಇದನ್ನು ಬರೆಯಲಿಕ್ಕೆ ಒಂದು ಕಾರಣ ಉಂಟು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಕಳೆದ ದೊಡ್ಡ ರಜೆಯಲ್ಲಿ ನಾನು ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮನ ಮಗ, ನಾನು ಅಣ್ಣ ಅಂತ ಕರೆಯುವವ, ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಕಾಂಡೀಡ್ ತೊವೆಕ್ಸ್ ಎಂಬ ಫ್ರಾನ್ಸಿನವರದ್ದು. ಒಂದು ಕಾರು ಕಂಪೆನಿಯ ಜಾಹೀರಾತಿಗಾಗಿ ಅವರು ಹಿಮವೇ ಇಲ್ಲದ ಕಡೆ ಸ್ಕೀ ಕಟ್ಟಿಕೊಂಡು ಹುಲ್ಲಿನ ಮೇಲೆ, ಮರಳಿನ ಮೇಲೆ ಜಾರಿಕೊಂಡು ಹೋಗುತ್ತಾರೆ. "ನೋಡು, ಹಿಮ ಬೇಕಂತಿಲ್ಲ, ನಮ್ಮ ಗುಡ್ಡೆಯಲ್ಲೂ ಆಗ್ತದೆ" ಅಂದ ಅಣ್ಣ. ಎರಡು ಹಾಳೆ ಕತ್ತರಿಸಿ ಕಾಲಿಗೆ ಬಾಳೆನಾರಿನಲ್ಲಿ ಕಟ್ಟಿಕೊಂಡ. ಗುಡ್ಡೆಯ ಬುಡದಲ್ಲಿ ಬತ್ತಿದ ತೋಡು, ತೋಡಿನ ಆಚೆ ಗದ್ದೆ. ಜಾರಿ ಬಂದು ತೋಡು ಹಾರಿ ಗದ್ದೆಗೆ ಇಳಿಯುವುದು ಅಂತ ಲೆಕ್ಕ. ಮೊಬೈಲ್ ನನ್ನ ಕೈಯಲ್ಲಿ.

ಮೊದಲನೇ ಸಲ ಹಾರಿದ. ಗದ್ದೆಯಲ್ಲಿ ಕುಂಡೆ ಊರಿ ಬಿದ್ದು ನಗುತ್ತಾ ಎದ್ದ. ನಾನು ನೋಡಿದರೆ ರೆಕಾರ್ಡ್ ಒತ್ತಿರಲೇ ಇಲ್ಲ. "ಅಣ್ಣಾ, ಬಂದಿಲ್ಲ, ಇನ್ನೊಮ್ಮೆ ಹಾರು" ಅಂದೆ. ಹೇಗೂ ಇನ್ನೊಮ್ಮೆ ಅಲ್ಲವಾ, ಸ್ವಲ್ಪ ಮೇಲಿಂದ ಬರ್ತೇನೆ ಅಂತ ಅವ ಇನ್ನೂ ಹತ್ತು ಮಾರು ಮೇಲೆ ಹೋದ. ಎರಡನೇ ಸಲ ಅವನ ಎಡಗೈ ಮಣಿಕಟ್ಟು ಮುರಿಯಿತು. ಉಜಿರೆಗೆ ರಿಕ್ಷಾದಲ್ಲಿ ಬರುವಾಗ ಅವ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಆಮೇಲೆ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ಆ ಹಿಮದವರು ಅಷ್ಟು ಮೇಲಿಂದ ಹಾರಿಯೂ ಎದ್ದು ಹೋಗ್ತಾರಲ್ಲ, ಅಣ್ಣ ಒಂದು ತೋಡು ಹಾರಿ ಕೈ ಮುರಿದುಕೊಂಡದ್ದು ಎಂತಕ್ಕೆ? ವಿಜ್ಞಾನ ಸರ್ ಹತ್ತಿರ ಕೇಳಿದೆ. ಅವರು ಹೇಳಿಕೊಟ್ಟದ್ದನ್ನೂ, ಓದಿ, ನೋಡಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸ್ಕೀ ಅಂದರೆ ಕಾಲಿಗೆ ಕಟ್ಟುವ ಉದ್ದನೆಯ ಹಲಗೆ. ಮೂಡಬಿದ್ರೆ, ವೇಣೂರು ಕಂಬಳದಲ್ಲಿ ಕನೆಹಲಗೆ ಓಟ ನೋಡಿದ್ದೀರಲ್ಲ? ಹಲಗೆಯ ಮೇಲೆ ಕಾಲಿಟ್ಟು ನಿಂತವರನ್ನು ಕೋಣಗಳು ಎಳೆದುಕೊಂಡು ಹೋಗುತ್ತವೆ, ನೀರು ನಿಶಾನೆಯವರೆಗೆ ಚಿಮ್ಮುತ್ತದೆ. ಸ್ಕೀಯರ್‌ಗೆ ಕೋಣ ಇಲ್ಲ, ಎಳೆಯುವುದು ಭೂಮಿಯೇ. ಚಿಮ್ಮುವುದು ನೀರಲ್ಲ, ಹಿಟ್ಟಿನಂಥ ಹಿಮ. ಹಲಗೆಯ ಅಡಿಗೆ ಮೇಣ ತಿಕ್ಕಿ ನಯ ಮಾಡುತ್ತಾರೆ, ನಾವು ಕೇರಂ ಬೋರ್ಡಿಗೆ ಪೌಡರ್ ಹಾಕಿದ ಹಾಗೆ.

ಇನ್ನು ಹಾರುವ ವಿಷಯ. ಎತ್ತರದಿಂದ ಬೀಳುವುದರಿಂದ ಪೆಟ್ಟಾಗುವುದಲ್ಲ, ಬಿದ್ದದ್ದು ಥಟ್ಟನೆ ನಿಲ್ಲುವುದರಿಂದ ಪೆಟ್ಟಾಗುವುದು. ತೆಂಗಿನಕಾಯಿ ಅಂಗಳಕ್ಕೆ ಬಿದ್ದರೆ "ದಡ್" ಅಂತ ಸದ್ದು. ಅದೇ ಕಾಯಿ ಗುಡ್ಡೆಯ ಇಳಿಜಾರಿಗೆ ಬಿದ್ದರೆ ಉರುಳಿಕೊಂಡು ಕೆಳಗೆ ಹೋಗುತ್ತದೆ, ಅದರ ವೇಗ ನಿಧಾನವಾಗಿ ಕರಗುತ್ತದೆ. ಫ್ರೀಸ್ಕೀಯರ್‌ಗಳು ಯಾವತ್ತೂ ಸಮತಟ್ಟಾದ ಜಾಗಕ್ಕೆ ಇಳಿಯಲು ನೋಡುವುದಿಲ್ಲ. ಅವರು ಹುಡುಕುವುದು ಕಡಿದಾದ ಇಳಿಜಾರು. ಗಾಳಿಯಲ್ಲಿ ಅವರು ಯಾವ ಕೋನದಲ್ಲಿ ಕೆಳಗೆ ಬರುತ್ತಾರೋ ಇಳಿಜಾರು ಹೆಚ್ಚುಕಡಿಮೆ ಅದೇ ಕೋನದಲ್ಲಿದ್ದರೆ ನೆಲ ಅವರನ್ನು ಹೊಡೆಯುವುದಿಲ್ಲ, ಸವರಿಕೊಂಡು ಹೋಗುತ್ತದೆ. ಅದರ ಜೊತೆಗೆ ಹಿಮ ಮೆತ್ತಗಿದ್ದು ಆಳವಾಗಿದ್ದರೆ ನಿಲ್ಲಲಿಕ್ಕೆ ಇನ್ನಷ್ಟು ದೂರ ಸಿಗುತ್ತದೆ. ನಮ್ಮ ಗದ್ದೆ ಅಂಗೈಯಷ್ಟು ಸಮ, ಏಪ್ರಿಲ್ ತಿಂಗಳಿನಲ್ಲಿ ಕಲ್ಲಿನಷ್ಟು ಗಟ್ಟಿ. ಅಣ್ಣ ಇಳಿದದ್ದು ಅಲ್ಲಿಗೆ! ಮೊದಲನೇ ಸಲ ಬಚಾವಾದದ್ದು ಅವನ ಅದೃಷ್ಟ ಅಂದರು ಸರ್.

ಮೆತ್ತಗಿನ ಹಿಮ ಎಷ್ಟು ಉಳಿಸುತ್ತದೆ ಎನ್ನುವುದಕ್ಕೆ ಒಂದು ನಿಜವಾದ ಸಂಗತಿ ಕೇಳಿ. ನಾರ್ವೆ ದೇಶದ ಫ್ರೆಡ್ ಸಿವರ್ಟ್‌ಸೆನ್ ಎಂಬವರು 2008ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಸಿನಿಮಾಕ್ಕಾಗಿ ಸ್ಕೀ ಮಾಡುತ್ತಿದ್ದರು. ಹಾರಬೇಕೆಂದುಕೊಂಡದ್ದು ಬೇರೆ ಕಡೆ. ವೇಗದಲ್ಲಿ ದಾರಿ ತಪ್ಪಿತು. ಎದುರಿಗೆ ದೊಡ್ಡ ಪ್ರಪಾತ, ನಿಲ್ಲಿಸಲಿಕ್ಕೆ ಆಗುವುದಿಲ್ಲ. 107 ಮೀಟರ್ ಕೆಳಗೆ ಬಿದ್ದರು. ಏಳು ಅಡಿಕೆ ಮರ ಒಂದರ ಮೇಲೆ ಒಂದು ನಿಲ್ಲಿಸಿದಷ್ಟು ಎತ್ತರ! ಆಳದ ಹಿಮದಲ್ಲಿ ಹೂತುಹೋದರು, ಆದರೆ ಬದುಕಿದರು. ಇದನ್ನು ದಾಖಲೆ ಎಂದು ಬರೆಯುತ್ತಾರೆ. ನನಗೇನೋ ಇದು ದಾಖಲೆ ಅನ್ನಿಸುವುದಿಲ್ಲ. ದಾರಿ ತಪ್ಪಿ ಬಾವಿಗೆ ಬಿದ್ದವರು ಬದುಕಿ ಬಂದರೆ ನಾವು ಅದನ್ನು ದಾಖಲೆ ಅನ್ನುತ್ತೇವಾ?

ಈ ಸಿನಿಮಾಗಳ ಕಥೆ ಹಳೆಯದು. ಜರ್ಮನಿಯಲ್ಲಿ ಆರ್ನಾಲ್ಡ್ ಫಾಂಕ್ ಎಂಬವರು 1920ರ ಸುಮಾರಿಗೇ ಸ್ಕೀ ಚಿತ್ರ ತೆಗೆದಿದ್ದರು. ಅಮೆರಿಕದ ವಾರನ್ ಮಿಲ್ಲರ್ 1950ರಿಂದ ವರ್ಷಕ್ಕೊಂದು ಸಿನಿಮಾ ಮಾಡುತ್ತಾ ಬಂದರು. ಸುರುವಿಗೆ ಅವರೇ ಊರಿಂದ ಊರಿಗೆ ರೀಲು ಹೊತ್ತುಕೊಂಡು ಹೋಗಿ, ಪರದೆಯ ಪಕ್ಕ ನಿಂತು ಮಾತಾಡಿ ನಗಿಸುತ್ತಿದ್ದರಂತೆ. ನಮ್ಮ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುವ ಹಾಗೆ, ಅಲ್ಲಿ ಹಿಮ ಬೀಳುವ ಮೊದಲು ಸ್ಕೀ ಸಿನಿಮಾಗಳ ತಿರುಗಾಟ. ಅದನ್ನು ನೋಡಿದ ಮೇಲೆ ಜನರಿಗೆ ಪರ್ವತಕ್ಕೆ ಹೋಗುವ ಆಸೆ ಬರಬೇಕು, ಅಂಗಡಿಯಲ್ಲಿ ಸ್ಕೀ ಮಾರಾಟ ಆಗಬೇಕು. ಫ್ರೀಸ್ಕೀಯರ್‌ಗಳಿಗೆ ಸಂಬಳ ಸಿಗುವುದು ಹೀಗೆಯೇ. ಸ್ಕೀ, ಕನ್ನಡಕ, ಜಾಕೆಟು ಮಾಡುವ ಕಂಪೆನಿಗಳು ದುಡ್ಡು ಕೊಡುತ್ತವೆ. ಹಾರುವಾಗ ಸ್ಕೀಯ ಅಡಿಭಾಗ ಕಾಣುತ್ತದಲ್ಲ, ಅಲ್ಲಿ ಕಂಪೆನಿಯ ಹೆಸರು ದೊಡ್ಡದಾಗಿ ಇರುತ್ತದೆ.

1988ರಲ್ಲಿ ಗ್ರೆಗ್ ಸ್ಟಂಪ್ ಎಂಬವರು ತೆಗೆದ ಒಂದು ಸಿನಿಮಾದಿಂದ ಇದಕ್ಕೆ ಹೊಸ ರೂಪ ಬಂತು. ಸ್ಕಾಟ್ ಶ್ಮಿಟ್, ಗ್ಲೆನ್ ಪ್ಲೇಕ್, ಮೈಕ್ ಹ್ಯಾಟ್ರಪ್ ಎಂಬ ಮೂವರು ಫ್ರಾನ್ಸಿನ ಶಾಮೊನಿಯಲ್ಲಿ ನೋಡಿದರೆ ತಲೆ ತಿರುಗುವ ಕಡೆಗಳಲ್ಲಿ ಇಳಿದರು. ಪ್ಲೇಕ್‌ನ ತಲೆಕೂದಲು ಹುಂಜದ ಜುಟ್ಟಿನ ಹಾಗೆ ನಡುವಿನಲ್ಲಿ ಮಾತ್ರ, ಅದೂ ಬಣ್ಣ ಹಾಕಿದ್ದು. (ನಮ್ಮ ಪಿ.ಟಿ. ಸರ್ ನೋಡಿದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು.) ಆಟ ಆಡುವವರು ಹೆಸರುವಾಸಿಯಾಗಲಿಕ್ಕೆ ಪದಕ ಬೇಕಂತಿಲ್ಲ, ಸಿನಿಮಾದಲ್ಲಿ ಕಂಡರೆ ಸಾಕು ಎಂಬುದು ಆ ಮೇಲೆ ಗಟ್ಟಿಯಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಒಬ್ಬರ ಭಾಗ ಮೂರು ನಾಲ್ಕು ನಿಮಿಷ ಇರುತ್ತದೆ. ಅದಕ್ಕೆ ಇಡೀ ಚಳಿಗಾಲದ ಕೆಲಸ ಬೇಕು. ನಮಗೆ ಕಾಣುವುದು ಹಾರಿದ್ದು ಮಾತ್ರ, ಹಾರದೆ ಬಿಟ್ಟದ್ದನ್ನು ಯಾರೂ ತೋರಿಸುವುದಿಲ್ಲ.

ಅವರು ಮೊದಲು ಎದುರಿನ ಬೆಟ್ಟದಿಂದ ಪರ್ವತದ ಫೋಟೋ ತೆಗೆಯುತ್ತಾರೆ. ಇಳಿಯುವ ದಾರಿಗೆ "ಲೈನ್" ಎನ್ನುತ್ತಾರೆ. ಯಾವ ಬಂಡೆಯ ಎಡಕ್ಕೆ, ಯಾವ ಕಣಿವೆಯ ಬಲಕ್ಕೆ ಎಂದು ಫೋಟೋ ನೋಡಿ ಬಾಯಿಪಾಠ ಮಾಡಬೇಕು. ಯಾಕೆಂದರೆ ತುದಿಯಲ್ಲಿ ನಿಂತಾಗ ಕೆಳಗಿನದ್ದು ಎಂತದೂ ಕಾಣುವುದಿಲ್ಲ, ಇಳಿಜಾರು ಬಾಗಿ ಮರೆಯಾಗಿರುತ್ತದೆ. ಫೋಟೋದಲ್ಲಿ ಎಡ ಇದ್ದದ್ದು ಇಳಿಯುವಾಗ ಬಲ ಆಗುತ್ತದೆ.

ಎರಡನೆಯದ್ದು ಹಿಮದ ಪರೀಕ್ಷೆ. ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ನೋಡುತ್ತಾರೆ. ನಮ್ಮಲ್ಲಿ ಬಾವಿ ತೋಡುವಾಗ ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿಮಣ್ಣು ಸಿಗುತ್ತದಲ್ಲ, ಹಾಗೆಯೇ ಹಿಮದಲ್ಲೂ ಗಟ್ಟಿ ಪದರ, ಸಡಿಲ ಪದರ ಇರುತ್ತದೆ. ಅಡಿಯ ಪದರ ಸಡಿಲ ಇದ್ದರೆ ಮೇಲಿನದ್ದು ಇಡೀ ಜಾರಿ ಬರುತ್ತದೆ. ಅದೇ ಹಿಮಪಾತ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ, ನಮ್ಮ ತಾಲೂಕಿನ ಮಲೆಯ ಬುಡದ ಊರುಗಳಲ್ಲಿ ಗುಡ್ಡೆ ಹೇಗೆ ಕುಸಿಯಿತು ಎಂದು ನೆನಪು ಮಾಡಿಕೊಳ್ಳಿ. ಅಲ್ಲಿ ಮಳೆ ಮಾಡಿದ ಕೆಲಸವನ್ನು ಹಿಮದಲ್ಲಿ ಒಬ್ಬ ಮನುಷ್ಯನ ಭಾರವೇ ಮಾಡಬಲ್ಲದು. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಇದು ಹೆಚ್ಚು. ಸ್ಕೀಯರ್‌ಗಳಿಗೆ ಬೇಕಾದ ಇಳಿಜಾರೂ ಅದೇ ಎನ್ನುವುದು ದೊಡ್ಡ ತಾಪತ್ರಯ.

ಆದ್ದರಿಂದ ಪ್ರತಿಯೊಬ್ಬರ ಮೈಮೇಲೂ ಸಣ್ಣ ರೇಡಿಯೋ ಯಂತ್ರ ಇರುತ್ತದೆ. ಹೂತುಹೋದರೆ ಉಳಿದವರ ಯಂತ್ರ ಅದರ ಸಂಕೇತ ಹಿಡಿಯುತ್ತದೆ. ಚೀಲದಲ್ಲಿ ಮಡಚುವ ಉದ್ದನೆಯ ಸರಳು, ಹಾರೆ. ಸರಳಿನಿಂದ ಚುಚ್ಚಿ ಮನುಷ್ಯ ಎಲ್ಲಿದ್ದಾನೆ ಅಂತ ಹುಡುಕಿ ಅಗೆಯಬೇಕು. ಹತ್ತು ಹದಿನೈದು ನಿಮಿಷ ಕಳೆದರೆ ಬದುಕುವ ಆಸೆ ಬೇಗ ಬೇಗ ಕಡಿಮೆಯಾಗುತ್ತದೆ. ಅಂದರೆ ಊರಿಂದ ಜನ ಬರುವವರೆಗೆ ಕಾಯಲಿಕ್ಕಿಲ್ಲ, ಜೊತೆಯಲ್ಲಿದ್ದವರೇ ಉಳಿಸಬೇಕು. ಕ್ಯಾಮೆರಾ ಹಿಡಿದವರ ಚೀಲದಲ್ಲೂ ಹಾರೆ ಇರುತ್ತದೆ. ಇದನ್ನು ತಿಳಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಆ ದಿನ ನನ್ನ ಹತ್ತಿರ ಮೊಬೈಲ್ ಒಂದೇ ಇದ್ದದ್ದು, ಅಣ್ಣನ ಕೈ ನೋಡಿ ನಾನು ಮಾಡಿದ್ದು ಬೊಬ್ಬೆ ಹಾಕಿದ್ದು ಮಾತ್ರ.

ಇಷ್ಟೆಲ್ಲ ಮಾಡಿಯೂ ಸಾಯುತ್ತಾರೆ, ಅದನ್ನು ಮುಚ್ಚಿಡಬಾರದು. ಶೇನ್ ಮೆಕಾಂಕಿ ಎಂಬವರು ಈ ಆಟದಲ್ಲಿ ಬಹಳ ತಲೆ ಓಡಿಸಿದವರು. ನೀರಿನ ಮೇಲೆ ಜಾರುವ ಸ್ಕೀ ಅಗಲವಾಗಿ ತೇಲುತ್ತದಲ್ಲ, ಆಳದ ಹಿಮಕ್ಕೂ ಹಾಗೆಯೇ ಬೇಕು ಎಂದು ಯೋಚಿಸಿ, ತುದಿಗಳು ಮೇಲಕ್ಕೆ ಬಾಗಿದ ಅಗಲ ಸ್ಕೀ ಮಾಡಿಸಿದರು. ಈಗ ಆಳದ ಹಿಮಕ್ಕೆ ಮಾಡುವ ಸ್ಕೀಗಳಲ್ಲಿ ಅದೇ ಗುಟ್ಟು. ಅವರು 2009ರ ಮಾರ್ಚ್ 26ರಂದು ಇಟಲಿಯ ಡೋಲೋಮೈಟ್ಸ್ ಪರ್ವತದಲ್ಲಿ ಸಿನಿಮಾಕ್ಕಾಗಿ ಬಂಡೆಯಿಂದ ಹಾರಿದರು. ಗಾಳಿಯಲ್ಲಿ ಲಾಗ ಹಾಕಿ, ಸ್ಕೀ ಕಳಚಿ, ರೆಕ್ಕೆಯಂಥ ಬಟ್ಟೆಯಲ್ಲಿ ತೇಲಿ, ಕೊನೆಗೆ ಪ್ಯಾರಾಚೂಟ್ ಬಿಚ್ಚುವುದು ಎಂದು ಯೋಜನೆ. ಸ್ಕೀ ಹೊತ್ತಿಗೆ ಸರಿಯಾಗಿ ಕಳಚಲಿಲ್ಲ. ಬಗ್ಗಿ ಅದನ್ನು ಬಿಡಿಸುವಷ್ಟರಲ್ಲಿ ನೆಲ ಬಂದಿತ್ತು. ಆಗ ಅವರ ವಯಸ್ಸು 39. ಕೆನಡಾದ ಜೆ.ಪಿ. ಆಕ್ಲೇರ್ 2011ರ ಒಂದು ಸಿನಿಮಾದಲ್ಲಿ ಪರ್ವತಕ್ಕೇ ಹೋಗದೆ ಊರಿನ ಬೀದಿ, ಮೆಟ್ಟಿಲು, ಮನೆಗಳ ನಡುವೆ ಸ್ಕೀ ಮಾಡಿ ಎಲ್ಲರನ್ನೂ ಬೆರಗು ಮಾಡಿದವರು. ಅವರೂ ಸ್ವೀಡನ್ನಿನ ಆಂಡ್ರಿಯಾಸ್ ಫ್ರಾನ್ಸನ್ನರೂ 2014ರ ಸೆಪ್ಟೆಂಬರಿನಲ್ಲಿ ದಕ್ಷಿಣ ಅಮೆರಿಕದ ಪಟಗೋನಿಯಾದಲ್ಲಿ ಹಿಮಪಾತಕ್ಕೆ ಸಿಕ್ಕಿದರು. ಕೆನಡಾದವರೇ ಆದ ಸಾರಾ ಬರ್ಕ್ 2012ರ ಜನವರಿಯಲ್ಲಿ ಅಭ್ಯಾಸದ ವೇಳೆ ಬಿದ್ದು ತೀರಿಕೊಂಡರು. ಹೆಂಗಸರಿಗೂ ಸ್ಪರ್ಧೆ ಬೇಕು, ತಮ್ಮ ಆಟ ಒಲಿಂಪಿಕ್ಸಿಗೆ ಬರಬೇಕು ಎಂದು ಹಟ ಹಿಡಿದವರು ಅವರು. 2014ರಲ್ಲಿ ಬಂತು, ಅವರು ಇರಲಿಲ್ಲ. ಅಣ್ಣನ ಮೆಚ್ಚಿನ ತೊವೆಕ್ಸ್ ಕೂಡ 2007ರಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದರು. ವಾಪಸ್ ಬಂದು 2010ರಲ್ಲಿ ಫ್ರೀರೈಡ್ ವರ್ಲ್ಡ್ ಟೂರ್ ಗೆದ್ದರು. ವಿಡಿಯೋದಲ್ಲಿ ಆ ಬೆನ್ನುಮೂಳೆ ಕಾಣುವುದಿಲ್ಲ.

ಇದೆಲ್ಲ ವಿದೇಶದ್ದು, ನಮ್ಮಲ್ಲಿ ಎಂತ ಉಂಟು ಎಂದು ಕೇಳಬಹುದು. ಹಿಮ ನಮ್ಮಲ್ಲಿಲ್ಲ, ಕಾಶ್ಮೀರದ ಗುಲ್ಮಾರ್ಗಿಗೆ ಹೋಗಬೇಕು. ನಮ್ಮ ರಾಜ್ಯದಿಂದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹೋಗಿ ಪದಕ ಗೆದ್ದಿದ್ದಾರೆ. ಆದರೆ ಅವರದ್ದು ಹಾರುವ ಸ್ಕೀಯಿಂಗ್ ಅಲ್ಲ, ಹಿಮದ ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುವ ಕ್ರಾಸ್ ಕಂಟ್ರಿ. ಫ್ರೀಸ್ಕೀಯರ್‌ಗಳ ನಿಜವಾದ ನೆಂಟರು ನಮ್ಮಲ್ಲಿ ಬೇರೆಯವರು.

ಅವರು ಚಿತ್ರದುರ್ಗದ ಜ್ಯೋತಿರಾಜ್. ಕೋತಿರಾಜ್ ಎಂದರೆ ಎಲ್ಲರಿಗೂ ಗೊತ್ತು. ಕೋತಿಗಳನ್ನು ನೋಡಿಯೇ ಹತ್ತಲು ಕಲಿತೆ ಎನ್ನುತ್ತಾರೆ. ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವುದನ್ನು ನೋಡಲು ಪ್ರವಾಸಿಗಳು ಸೇರುತ್ತಾರೆ. ಅವರ ಹೆಸರಿನಲ್ಲೇ ಒಂದು ಕನ್ನಡ ಸಿನಿಮಾ ಬಂದಿದೆ, ಅದರಲ್ಲಿ ಅವರೇ ನಟಿಸಿದ್ದಾರೆ. ಅವರು 2023ರ ಫೆಬ್ರವರಿಯಲ್ಲಿ ನಮ್ಮ ಗಡಾಯಿಕಲ್ಲನ್ನು ಹತ್ತಿದರು. ಬೆಳ್ತಂಗಡಿ ಕಡೆ ಹೋಗುವಾಗ ಕಾಣುವ ಅದೇ ಕಲ್ಲು, ಟಿಪ್ಪು ಸುಲ್ತಾನ 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟದ್ದು. ನಾವು 1,800ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತೇವೆ, ಅವರು ಹತ್ತಿದ್ದು ಬಂಡೆಯನ್ನು. ನನ್ನ ಮಾವ ಹೋಗಿ ನೋಡಿದ್ದಾರೆ. "ಕೆಳಗಿಂದ ನಮಗೆ ಇಡೀ ಕಲ್ಲು ಕಾಣ್ತದೆ ಮಾರಾಯ್ತಿ, ಅವರಿಗೆ ಕೈ ಮುಂದಿನ ನಾಲ್ಕು ಅಡಿ ಮಾತ್ರ" ಅಂದರು. ಸ್ಕೀಯರ್‌ಗಳು ಫೋಟೋ ಬಾಯಿಪಾಠ ಮಾಡುವುದು ಇದಕ್ಕೇ ಅಲ್ಲವಾ ಎಂದು ನನಗೆ ಆಗ ಹೊಳೆಯಿತು. ಕೋತಿರಾಜರೂ ಯಾವತ್ತೂ ಗೆದ್ದೇ ಬಂದವರಲ್ಲ. 2018ರಲ್ಲಿ ಜೋಗದ ಬಂಡೆಯಲ್ಲಿ ಕಾಣೆಯಾಗಿ ಮರುದಿನ ಸಿಕ್ಕಿದ್ದರು.

ಇನ್ನೊಂದು ಸಂಗತಿ ಬರೆಯಲಿಕ್ಕೆ ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. 2016ರ ನವೆಂಬರ್ 7ರಂದು "ಮಾಸ್ತಿಗುಡಿ" ಸಿನಿಮಾದ ಚಿತ್ರೀಕರಣ ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಡೆಯುತ್ತಿತ್ತು. ಅನಿಲ್ ಮತ್ತು ಉದಯ್ ಎಂಬ ನಟರು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ತಮಗೆ ಈಜು ಅಷ್ಟಾಗಿ ಬಾರದೆಂದು ಅವರು ಮೊದಲೇ ಟಿ.ವಿ.ಯವರ ಮುಂದೆ ಹೇಳಿದ್ದರು. ಇಬ್ಬರೂ ಮುಳುಗಿದರು. ಕ್ಯಾಮೆರಾಗಳು ಓಡುತ್ತಲೇ ಇದ್ದವು. ಬಾರದು ಎಂದು ಹೇಳಿದ ಮೇಲೂ ಹಾರಿದ್ದು ಯಾಕೆ? ಎಲ್ಲ ತಯಾರಾಗಿದೆ, ಹೆಲಿಕಾಪ್ಟರ್ ಬಂದಿದೆ, ಜನ ಸೇರಿದ್ದಾರೆ, ಈಗ ಬೇಡ ಎನ್ನುವುದು ಹೇಗೆ ಎಂದು ಅನ್ನಿಸಿರಬಹುದು. ಇದು ನನ್ನ ಊಹೆ. ಆದರೆ ಅಣ್ಣನಿಗೆ ಹಾಗೆ ಅನ್ನಿಸಿದ್ದು ಮಾತ್ರ ಊಹೆಯಲ್ಲ, ಅವನೇ ಹೇಳಿದ. ಎರಡನೇ ಸಲ ಮೇಲೆ ನಿಂತಾಗ ಬಾಳೆನಾರು ಸಡಿಲ ಆಗಿತ್ತಂತೆ. "ನೀನು ಮೊಬೈಲ್ ಹಿಡಿದು ನಿಂತಿದ್ದಿಯಲ್ಲ, ಮತ್ತೆ ಕಟ್ಟಲಿಕ್ಕೆ ನಾಚಿಕೆ ಆಯ್ತು" ಅಂದ.

ಒಳ್ಳೆಯ ಸ್ಕೀ ಸಿನಿಮಾ ತಂಡಗಳಲ್ಲಿ ಇದಕ್ಕೊಂದು ಕ್ರಮ ಇದೆ. ಎದುರಿನ ಬೆಟ್ಟದಲ್ಲಿರುವ ಕ್ಯಾಮೆರಾದವರು ರೇಡಿಯೋದಲ್ಲಿ "ನಾವು ತಯಾರು" ಎಂದಷ್ಟೇ ಹೇಳುತ್ತಾರೆ. "ಹಾರು" ಎನ್ನುವುದಿಲ್ಲ. ಮೂರು, ಎರಡು, ಒಂದು ಎಂದು ಎಣಿಸುವವರು ಮೇಲೆ ನಿಂತ ಸ್ಕೀಯರೇ. ಹಿಮ ಸರಿ ಇಲ್ಲ ಅಂತ ಕಂಡರೆ ಇಳಿಯದೆ ವಾಪಸ್ ಬರುತ್ತಾರೆ. ಹೆಲಿಕಾಪ್ಟರಿನ ದುಡ್ಡು ಹೋಯಿತು, ಆ ದಿನ ಹೋಯಿತು, ಅಷ್ಟೇ.

ನನ್ನ ಅಪ್ಪ ಅಡಿಕೆ ಮರ ಹತ್ತುವವರು. ಈ ಲೇಖನ ಬರೆಯುವಾಗ ಅವರಿಗೆ ಸ್ಕೀ ಸಿನಿಮಾ ತೋರಿಸಿದೆ. ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿಕೊಂಡು ದಾಟುವವರು ಅವರು, ಹಾಗಾಗಿ ಹಾರುವುದನ್ನು ನೋಡಿ ದೊಡ್ಡ ಆಶ್ಚರ್ಯ ಪಡಲಿಲ್ಲ. ಅವರು ಕೇಳಿದ್ದು, "ಇವ ಮೊದಲು ಎಷ್ಟು ಹೊತ್ತು ನೋಡಿದ್ದಾನೆ?" ಅಂತ. ಮಳೆಗಾಲದಲ್ಲಿ ಮದ್ದು ಬಿಡಲಿಕ್ಕೆ ಹೋದಾಗ ಅಪ್ಪ ಮರದ ಬುಡಕ್ಕೆ ಎರಡು ಪೆಟ್ಟು ಹೊಡೆದು, ಅಲುಗಾಡಿಸಿ, ತಲೆ ಎತ್ತಿ ಸುಮಾರು ಹೊತ್ತು ನೋಡುತ್ತಾರೆ. ಕೆಲವು ಸಲ ತಳೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಇವತ್ತು ಬೇಡ ಧನಿಗಳೇ, ಮರ ಚಂಡಿ ಉಂಟು" ಅಂತ ಬಂದುಬಿಡುತ್ತಾರೆ. ಆ ದಿನದ ಸಂಬಳ ಇಲ್ಲ. ಮನೆಯಲ್ಲಿ ಅಮ್ಮ ಅದಕ್ಕೆ ಬೈದದ್ದನ್ನು ನಾನು ಯಾವತ್ತೂ ಕೇಳಿಲ್ಲ.

ಅಣ್ಣನ ಪ್ಲಾಸ್ಟರ್ ತೆಗೆದಾಗಿದೆ. ಕೈ ಪೂರ್ತಿ ಮಡಚಲಿಕ್ಕೆ ಇನ್ನೂ ಆಗುವುದಿಲ್ಲ. ಎರಡನೇ ಸಲದ ವಿಡಿಯೋ ಮೊಬೈಲಿನಲ್ಲಿ ಹಾಗೆಯೇ ಉಂಟು, ಹನ್ನೊಂದು ಸೆಕೆಂಡಿನದ್ದು. ಅಣ್ಣ ದೂರದಲ್ಲಿ ಸಣ್ಣದಾಗಿ ಕಾಣುತ್ತಾನೆ. ಸುರುವಿಗೆ "ರೆಡಿಯಾ? ಹಾರು, ಹಾರು" ಅಂತ ಗಟ್ಟಿಯಾಗಿ ಕೇಳುವ ಸ್ವರ ನನ್ನದು.

ವಿಜ್ಞಾನ ಸರ್ ಬರುವ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಒಂದು ಸ್ಕೀ ಸಿನಿಮಾ ತೋರಿಸುತ್ತೇನೆ ಎಂದಿದ್ದಾರೆ. ನೋಡುವವರು ಶುಕ್ರವಾರದೊಳಗೆ ನನ್ನ ಹತ್ತಿರ ಹೆಸರು ಕೊಡಿ.

— 9ನೇ ತರಗತಿಯ ವಿದ್ಯಾರ್ಥಿನಿ